ನೈದಿಲೆ ಅಂದರೆ ತಾವರೆ ಅಲ್ಲ

ಕೊಡಗಿನ ಹೋಮ್‌ಸ್ಟೇಗಳಲ್ಲಿ ಈಗ ‘ತಾವರೆ ಕೊಳ’ ಅನ್ನೋ ಬೋರ್ಡು ಜಾಸ್ತಿಯಾಗಿದೆ. ಹತ್ತಿರ ಹೋಗಿ ನೋಡಿ. ಎಲೆ ನೀರಿನ ಮೇಲೆ ಮಲಗಿರುತ್ತದೆ, ಅದಕ್ಕೊಂದು ಸೀಳು ಇರುತ್ತದೆ, ಹೂವು ನೀಲಿಯೋ ನೇರಳೆಯೋ ಆಗಿರುತ್ತದೆ. ಅದು ನೈದಿಲೆ. ನರ್ಸರಿಯವರು ‘ನೀಲಿ ತಾವರೆ’ ಅಂತ ಮಾರುತ್ತಾರೆ, ಕೊಂಡವರು ಅದನ್ನೇ ಬರೆಸುತ್ತಾರೆ, ಬಂದವರು ಅದೇ ಹೆಸರಲ್ಲಿ ಫೋಟೋ ಹಾಕುತ್ತಾರೆ. ಸುಮ್ನೆ ಬಿಡೋಣ ಅಂದರೆ ಬಿಡುವ ಹಾಗಿಲ್ಲ. ಹೆಸರು ತಪ್ಪಿದರೆ ನೆಡುವ ಜಾಗವೂ ತಪ್ಪುತ್ತದೆ.

ಮೊದಲಿಗೆ, ನೀಲಿ ತಾವರೆ ಎಂಬ ಗಿಡವೇ ಇಲ್ಲ. ನಮ್ಮ ತಾವರೆ, ಅಂದರೆ ನೆಲಂಬೊ ನ್ಯೂಸಿಫೆರಾ, ಗುಲಾಬಿ ಅಥವಾ ಬಿಳಿ ಹೂ ಬಿಡುತ್ತದೆ. ಅಮೆರಿಕದಲ್ಲಿ ಹಳದಿ ಹೂವಿನ ಇನ್ನೊಂದು ಜಾತಿ ಇದೆ. ಅಲ್ಲಿಗೆ ಮುಗಿಯಿತು. ‘ಬ್ಲೂ ಲೋಟಸ್’ ಅಂತ ಚಹಾಕ್ಕೆ ಹಾಕಲು ಮಾರುವ ಒಣ ಹೂವು ಕೂಡ ಈಜಿಪ್ಟಿನ ಕಡೆಯ ನೈದಿಲೆಯೇ.

ನಮ್ಮ ಭಾಷೆ ಈ ವಿಷಯದಲ್ಲಿ ಎಂದೂ ಗೊಂದಲ ಮಾಡಿಕೊಂಡಿರಲಿಲ್ಲ. ಹಳಗನ್ನಡದಲ್ಲಿ ನೆಯ್ದಿಲ್, ತಮಿಳು ಮಲಯಾಳಗಳಲ್ಲಿ ನೆಯ್ದಲ್. ತಮಿಳಿನ ಪ್ರಾಚೀನ ಸಂಗಂ ಕಾವ್ಯವಂತೂ ಕಡಲ ತೀರದ ನಾಡಿಗೆ ಈ ಹೂವಿನ ಹೆಸರನ್ನೇ ಇಟ್ಟಿತು. ತಾವರೆಯದು ಬೇರೆಯೇ ಬೇರು. ತಮಿಳಿನ ತಾಮರೈ, ತೆಲುಗು ಮಲಯಾಳಗಳ ತಾಮರ ಇದರ ಒಡಹುಟ್ಟುಗಳು. ನಮ್ಮಲ್ಲಿ ಮಕಾರ ವಕಾರವಾಗಿದೆ. ಬಣ್ಣ ಸೇರಿಸಿ ಹೇಳುವಾಗಲೂ ಎರಡೂ ಬೇರೆಯಾಗಿಯೇ ಉಳಿದವು. ಕೆಂಪು ತಾವರೆ ಕೆಂದಾವರೆ ಆಯಿತು. ಕರಿದು ನೈದಿಲೆ ಕನ್ನೈದಿಲೆ ಆಯಿತು. ಇಲ್ಲಿ ‘ಕನ್’ ಅಂದರೆ ಕಣ್ಣಲ್ಲ, ಕಪ್ಪು. ದಟ್ಟ ನೀಲಿಯನ್ನು ಕರಿದು ಅಂತಲೇ ಹೇಳುವ ರೂಢಿ ಇತ್ತು. ಅಂಗಡಿಯಲ್ಲಿ ‘ನೀಲಿ ತಾವರೆ’ ಅಂತ ಕೊಡುವ ಹೂವಿಗೆ ಕನ್ನೈದಿಲೆ ಎಂಬ ಇಷ್ಟು ಚೆಂದದ ಹೆಸರು ನಮ್ಮಲ್ಲೇ ಇದೆ. ಅದನ್ನು ಯಾರೂ ಬಳಸುವುದಿಲ್ಲ ಅನ್ನೋದೇ ನನಗೆ ಬೇಜಾರು.

ಸಂಸ್ಕೃತದಿಂದ ಬಂದ ಪದಗಳಲ್ಲೂ ಎರಡು ಗುಂಪು ಇವೆ. ಕಮಲ, ಪದ್ಮ, ಅರವಿಂದ, ಪಂಕಜ ತಾವರೆಗೆ. ಕುಮುದ, ಕುವಲಯ, ಉತ್ಪಲ, ಇಂದೀವರ ನೈದಿಲೆಗೆ. ಪಂಕಜ ಅಂದರೆ ಕೆಸರಲ್ಲಿ ಹುಟ್ಟಿದ್ದು, ಹಾಗಾದರೆ ನೈದಿಲೆಯೂ ಪಂಕಜ ಅಲ್ವಾ ಅಂತ ವಾದಿಸುವವರಿದ್ದಾರೆ. ಆ ಲೆಕ್ಕಕ್ಕೆ ಗದ್ದೆಯ ಭತ್ತವೂ ಪಂಕಜ ಆಗಬೇಕು. ಪದ ರೂಢಿಯಲ್ಲಿ ತಾವರೆಗೆ ನಿಂತಿದೆ, ಅಷ್ಟೇ.

ಸೂರ್ಯ ತಾವರೆಯ ಗೆಳೆಯ, ಚಂದ್ರ ನೈದಿಲೆಯ ಗೆಳೆಯ ಅನ್ನುವ ಕವಿಮಾತು ಅರ್ಧ ನಿಜ. ನಮ್ಮ ನೈದಿಲೆ ಜಾತಿಗಳಲ್ಲಿ ನಿಂಫಿಯಾ ಪ್ಯುಬೆಸೆನ್ಸ್ ಸಂಜೆ ಬಿರಿದು ಮರುದಿನ ಬಿಸಿಲೇರುವ ಹೊತ್ತಿಗೆ ಮುಚ್ಚುತ್ತದೆ. ಚಂದ್ರನ ಗೆಳೆಯ ಅದು. ನಿಂಫಿಯಾ ನೌಚಾಲಿ ಹಗಲಲ್ಲೇ ಅರಳುತ್ತದೆ. ಕನ್ನೈದಿಲೆ ಇದೇ. ಶ್ರೀಲಂಕಾದ ರಾಷ್ಟ್ರೀಯ ಹೂವೂ ಹೌದು. ಬೆಳಿಗ್ಗೆ ಅರಳಿದೆ ಅಂದಮಾತ್ರಕ್ಕೆ ತಾವರೆ ಅನ್ನಬೇಡಿ.

ಗುರುತಿಗೆ ಎಲೆ ಸಾಕು. ನೈದಿಲೆ ಎಲೆಯಲ್ಲಿ ದಂಟಿನವರೆಗೂ ಸೀಳು ಇರುತ್ತದೆ. ತಾವರೆ ಎಲೆ ಪೂರ್ತಿ ದುಂಡಗೆ, ದಂಟು ನಟ್ಟನಡುವೆ, ಬೆಳೆದ ಎಲೆ ನೀರಿಂದ ಮೇಲೆದ್ದು ನಿಲ್ಲುತ್ತದೆ. ಹೂವು ಉದುರಿದ ಮೇಲೆ ತಾವರೆಯ ಬೀಜಕೋಶ ಶವರ್ ತಲೆಯ ಹಾಗೆ ಮೇಲೆಯೇ ಉಳಿಯುತ್ತದೆ. ನೈದಿಲೆ ಕಾಯಿ ನೀರೊಳಗೆ ಮುಳುಗಿ ಬಲಿಯುತ್ತದೆ. ಸಸ್ಯವಿಜ್ಞಾನದಲ್ಲಿ ಇವು ನೆಂಟರೂ ಅಲ್ಲ. ನಮ್ಮ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಮರ ಇದೆಯಲ್ಲ, ತಾವರೆ ಅದಕ್ಕೆ ಹತ್ತಿರದ ಸಂಬಂಧಿ. ಎರಡೂ ಪ್ರೋಟಿಯೇಲ್ಸ್ ಎಂಬ ಗಣಕ್ಕೆ ಸೇರುತ್ತವೆ. ನೈದಿಲೆಯ ವಂಶ ಬಹಳ ಹಿಂದೆಯೇ ಕವಲೊಡೆದು ಬೇರೆ ಹೋಯಿತು.

ಕೊಡಗಿನಲ್ಲಿ ಈ ವ್ಯತ್ಯಾಸ ಜೂನ್ ಬಂದಾಗ ತಿಳಿಯುತ್ತದೆ. ಮಳೆಗೆ ಕೆರೆ ಏರಿದರೆ ನೈದಿಲೆ ದಂಟು ಉದ್ದ ಮಾಡಿಕೊಂಡು ಎಲೆಯನ್ನು ಮತ್ತೆ ಮೇಲಕ್ಕೆ ತರುತ್ತದೆ. ತಾವರೆಯ ಗೆಡ್ಡೆಗೆ ಗಾಳಿ ಸಿಗುವುದು ಎಲೆ ಮತ್ತು ದಂಟಿನ ಕೊಳವೆಗಳಿಂದ. ಎಲ್ಲ ಎಲೆಗಳೂ ದಿನಗಟ್ಟಲೆ ಮುಳುಗಿದರೆ ಗೆಡ್ಡೆ ಕೊಳೆಯುತ್ತದೆ. ಮೇಲಾಗಿ ತಾವರೆಗೆ ಬಿಸಿಲು ಚೆನ್ನಾಗಿ ಬೇಕು. ತೋಟದ ಮರಗಳ ನೆರಳಿನ ಕೆರೆಯಲ್ಲಿ ನೆಟ್ಟರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ನೈದಿಲೆಗೂ ಬಿಸಿಲು ಬೇಕು, ಆದರೆ ಏರಿಳಿಯುವ ನೀರಿಗೆ ಅದು ಹೊಂದಿಕೊಳ್ಳುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ಕೆರೆ ಇಳಿದಾಗಲೂ ಅದರ ಗೆಡ್ಡೆ ಒದ್ದೆ ಕೆಸರಿನಲ್ಲಿ ಉಳಿದುಕೊಳ್ಳುತ್ತದೆ. ಹಾಗಾಗಿ ತೋಟದ ಕೆರೆಗೆ ನನ್ನ ಆಯ್ಕೆ ನೈದಿಲೆ. ತಾವರೆ ಬೇಕೇ ಬೇಕೆಂದರೆ ಅಂಗಳದ ಬಿಸಿಲಲ್ಲಿ ಅಗಲವಾದ ತೊಟ್ಟಿ ಇಡಿ.

ನೆಡುವಾಗ ಗದ್ದೆಯ ಜೇಡಿ ಮಣ್ಣೇ ಸಾಕು. ಎಲೆಗೊಬ್ಬರ ತುಂಬಿದರೆ ಅದು ತೇಲಿ, ನೀರು ಕೆಟ್ಟು, ಪಾಚಿ ಕಟ್ಟುತ್ತದೆ. ಮಣ್ಣಿನ ಮೇಲೆ ಒಂದು ಪದರ ಮರಳು ಹಾಕಿ.

ಇನ್ನು ‘ನಾಟಿ’, ಅಂದರೆ ನಮ್ಮ ನೆಲದ್ದೇ ಗಿಡ, ಅನ್ನುವ ಮಾತು. ಎಲ್ಲ ನೈದಿಲೆಯೂ ನಮ್ಮದಲ್ಲ. ಎಲೆಯ ನಡುವೆಯೇ ಮರಿ ಗಿಡ ಹುಟ್ಟುವ ತಳಿಗಳು ನರ್ಸರಿಯಲ್ಲಿ ಬೇಗ ಖರ್ಚಾಗುತ್ತವೆ. ಅವು ಆಫ್ರಿಕಾದ ಜಾತಿಯಿಂದ ಬಂದ ಹೈಬ್ರಿಡ್. ತೊಟ್ಟಿಯಲ್ಲಿ ಇರಲಿ, ತೋಡಿಗೆ ಕೋಡಿ ಹರಿಯುವ ಕೆರೆಗೆ ಮಾತ್ರ ಬೇಡ. ತೆಳು ನೇರಳೆ ಹೂವಿನ, ದಂಟು ಉಬ್ಬಿದ ತೇಲುವ ಗಿಡವನ್ನಂತೂ ಯಾರು ಪುಕ್ಕಟೆ ಕೊಟ್ಟರೂ ತರಬೇಡಿ. ಅದು ದಕ್ಷಿಣ ಅಮೆರಿಕದ ಕಳೆ, ಕೆರೆಯನ್ನೇ ಮುಚ್ಚುತ್ತದೆ. ಕೊಳದ ಸುತ್ತ ಸದಾ ಒದ್ದೆಯಿರುವ ಜೌಗು ಅಂಚಿಗೆ ಬಜೆ, ಒಂದೆಲಗ, ಕೆಸು ಹಾಕಿ. ಬಜೆಯ ಬೇರು ಅಂಚಿನ ಮಣ್ಣನ್ನು ಹಿಡಿಯುತ್ತದೆ, ಒಂದೆಲಗ ಚಟ್ನಿಗೆ ಆಗುತ್ತದೆ. ಇವನ್ನು ಹೊಳೆ ದಂಡೆಯಿಂದ ಕಿತ್ತು ತರುವ ಅಗತ್ಯವಿಲ್ಲ. ಪಕ್ಕದ ಮನೆಯಲ್ಲಿ ಕೇಳಿದರೆ ಒಂದು ತುಂಡು ಬಜೆ ಗೆಡ್ಡೆ, ಒಂದು ಹಿಡಿ ಒಂದೆಲಗದ ಬಳ್ಳಿ ಸಿಗುತ್ತದೆ.