ಪ್ಯಾರಿಸ್‌ನಲ್ಲಿ ಅಮೆರಿಕದಿಂದ ಬಂದವರು ಬಟ್ಟೆಯಿಂದಲೇ ಗೊತ್ತಾಗ್ತಾರಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಜೂನ್‌ನಲ್ಲಿ ರೋಮ್, ಪ್ಯಾರಿಸ್ ನೋಡಿಕೊಂಡು ಬರುವ ಆಸೆ. ಅಮೆರಿಕದಿಂದ ಬಂದವರನ್ನು ಅಲ್ಲಿ ಬಟ್ಟೆ ನೋಡಿಯೇ ಗುರುತು ಹಿಡಿಯುತ್ತಾರೆ ಅಂತಾರೆ. ನಿಜವಾ? ದಿನಾ ಹಾಕುವ ಬಟ್ಟೆಯಲ್ಲಿ ಅಷ್ಟೊಂದು ವ್ಯತ್ಯಾಸ ಯಾಕೆ?

ತುಂಬಾ ಸಲ ಗೊತ್ತಾಗುತ್ತದೆ, ನಿಜ. ಕಾಲೇಜಿನ ಹೆಸರಿರುವ ಸ್ವೆಟ್‌ಶರ್ಟ್, ಬೇಸ್‌ಬಾಲ್ ಟೋಪಿ, ಜಿಮ್ಮಿಗೆ ಹಾಕುವ ಬಟ್ಟೆಯಲ್ಲೇ ರಾತ್ರಿ ಊಟಕ್ಕೆ ಹೋಟೆಲಿಗೆ ಹೋಗುವುದು, ಇವೆಲ್ಲ ಗುರುತು ಕೊಡುತ್ತವೆ. ಆದರೆ ಯುರೋಪಿನವರಿಗೆ ಮಾತ್ರ ಬಟ್ಟೆಯ ರುಚಿ ಗೊತ್ತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯಿಂದ ಹೊರಗೆ ಹೇಗೆ ಹೋಗುತ್ತೇವೆ, ಬಟ್ಟೆ ಹೇಗೆ ಒಗೆದು ಒಣಗಿಸುತ್ತೇವೆ ಅನ್ನುವುದರಲ್ಲೇ ವ್ಯತ್ಯಾಸ ಇದೆ.

ನಿಮ್ಮ ಊರಿನದೇ ಒಂದು ದಿನ ನೋಡಿ. ಗ್ಯಾರೇಜಿನಲ್ಲಿ ಕಾರು ಹತ್ತುತ್ತೀರಿ, ಅಂಗಡಿಯ ಪಾರ್ಕಿಂಗ್‌ನಲ್ಲಿ ಇಳಿಯುತ್ತೀರಿ, ಹಾಲು ತರಕಾರಿ ತಗೊಂಡು ಮತ್ತೆ ಕಾರು. ದಾರಿಯಲ್ಲಿ ಪರಿಚಯದವರು ಸಿಗುವುದೇ ಅಪರೂಪ. ಲೆಗ್ಗಿಂಗ್ಸ್, ಹೂಡಿ ಸಾಕು. ಪ್ಯಾರಿಸ್‌ನಲ್ಲಿ ಬ್ರೆಡ್ ತರಲು ಹೊರಟರೂ ಬೀದಿಯಲ್ಲಿ ನಡೆಯಬೇಕು, ಪಕ್ಕದ ಮನೆಯವರು ಎದುರಾಗುತ್ತಾರೆ, ಕೆಫೆಯ ಕುರ್ಚಿಗಳು ರಸ್ತೆ ಕಡೆಗೇ ಮುಖ ಮಾಡಿರುತ್ತವೆ, ಅಂಗಡಿಯೊಳಗೆ ಕಾಲಿಟ್ಟ ಕೂಡಲೇ 'ಬೋನ್‌ಜೂರ್' (ನಮಸ್ಕಾರ) ಹೇಳಬೇಕು. ಇಟಲಿಯವರಂತೂ ಇದಕ್ಕೆ ಹೆಸರೇ ಇಟ್ಟಿದ್ದಾರೆ, 'ಬೆಲ್ಲಾ ಫಿಗುರಾ'. ನಾಲ್ಕು ಜನರ ಮುಂದೆ ಲಕ್ಷಣವಾಗಿ ಕಾಣಿಸಿಕೊಳ್ಳುವುದು ಅಂತ ಅರ್ಥ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಕಾರಣ ಡ್ರೈಯರ್. ಅಮೆರಿಕದ ಮನೆಗಳಲ್ಲಿ ಒಮ್ಮೆ ಹಾಕಿದ್ದನ್ನೆಲ್ಲ ಒಗೆದು ಬಿಸಿ ಡ್ರೈಯರಿಗೆ ಹಾಕುವುದೇ ಜಾಸ್ತಿ, ಹಾಗಾಗಿ ಅದನ್ನು ತಡೆಯುವ ಟೀ ಶರ್ಟು, ಪಾಲಿಯೆಸ್ಟರ್, ಹಿಗ್ಗುವ ಪ್ಯಾಂಟುಗಳೇ ಬೀರುವಿನಲ್ಲಿ ಉಳಿಯುತ್ತವೆ. ರೋಮ್‌ನಲ್ಲಿ ತಲೆಯೆತ್ತಿ ನೋಡಿ, ಬಾಲ್ಕನಿಯ ಹಗ್ಗದ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಅಲ್ಲಿ ಲಿನನ್ ಶರ್ಟು, ಉಣ್ಣೆ ಜಾಕೆಟ್ಟು ವರ್ಷಗಟ್ಟಲೆ ಆಕಾರ ಕೆಡದೆ ಬಾಳುತ್ತವೆ. ಎಸಿಯದ್ದೂ ಪಾಲಿದೆ. ಜುಲೈನಲ್ಲೂ ಅಮೆರಿಕದ ಆಫೀಸಿಗೆ ಸ್ವೆಟರ್ ಬೇಕು, ಯುರೋಪಿನ ಎಷ್ಟೋ ಮನೆಗಳಲ್ಲಿ ಎಸಿಯೇ ಇಲ್ಲ.

ಹಾಗಂತ ಅಮೆರಿಕದ ಉಡುಪನ್ನು ಕಡೆಗಣಿಸಬೇಡಿ. 1873ರಲ್ಲಿ ಜೇಕಬ್ ಡೇವಿಸ್ ಅನ್ನುವ ದರ್ಜಿ ಮತ್ತು ಲೀವೈ ಸ್ಟ್ರಾಸ್ ಅನ್ನುವ ಬಟ್ಟೆ ವ್ಯಾಪಾರಿ ಸೇರಿ, ದುಡಿಯುವವರ ಪ್ಯಾಂಟಿನ ಜೇಬು ಹರಿಯದಂತೆ ತಾಮ್ರದ ರಿವೆಟ್ (ಪುಟ್ಟ ಗುಂಡು ಮೊಳೆ) ಹೊಡೆಯುವುದಕ್ಕೆ ಪೇಟೆಂಟ್ ಪಡೆದರು. ಇವತ್ತಿನ ಜೀನ್ಸ್ ಬಂದಿದ್ದು ಅದರಿಂದಲೇ. ಈಗ ಪ್ಯಾರಿಸ್‌ನವರೂ ಅದನ್ನೇ ಹಾಕುತ್ತಾರೆ. ಅದೇ ಪ್ಯಾರಿಸ್‌ನಲ್ಲಿ, ಹೆಂಗಸರು ಪ್ಯಾಂಟು ಹಾಕಲು ಪೊಲೀಸರ ಅನುಮತಿ ಬೇಕು ಅನ್ನುವ 1800ರ ಆದೇಶವೊಂದಿತ್ತು. ಬಳಕೆ ತಪ್ಪಿ ಎಷ್ಟೋ ಕಾಲವಾಗಿದ್ದರೂ ಅದು ಅಸಿಂಧು ಅಂತ ಸರ್ಕಾರ ಹೇಳಿದ್ದು 2013ರಲ್ಲಿ!

ಇನ್ನೊಂದು, ಯುರೋಪ್ ಅಂದರೆ ಒಂದೇ ಊರಲ್ಲ. ಜರ್ಮನಿಯಲ್ಲಿ ಬೆಟ್ಟ ಹತ್ತುವ ಜಾಕೆಟ್ ಹಾಕಿಕೊಂಡೇ ಪೇಟೆ ಸುತ್ತುತ್ತಾರೆ. ನ್ಯೂಯಾರ್ಕಿನ ಕಪ್ಪು ಕೋಟಿನವರು ಪ್ಯಾರಿಸ್‌ನಲ್ಲಿ ಸುಲಭವಾಗಿ ಬೆರೆತುಹೋಗುತ್ತಾರೆ.

ನೀವು ಹೊಸ ಬಟ್ಟೆ ಕೊಳ್ಳುವುದು ಬೇಡ. ರೋಮ್‌ನ ಕಲ್ಲುಹಾಸಿನ ಬೀದಿಗಳಿಗೆ ಕಾಲಿಗೆ ಹೊಂದಿಕೊಂಡ ಹಳೆಯ ಶೂ ಒಳ್ಳೆಯದು, ಸ್ನೀಕರ್ಸ್ ಆದರೂ ಪರವಾಗಿಲ್ಲ, ಅಲ್ಲಿಯವರೂ ಹಾಕುತ್ತಾರೆ. ಅಲ್ಲಿನ ಸೇಂಟ್ ಪೀಟರ್ಸ್ ಬೆಸಿಲಿಕಾ ಅನ್ನುವ ದೊಡ್ಡ ಚರ್ಚಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ನಮ್ಮ ಹತ್ತಿ ಕುರ್ತಾ, ಒಂದು ದುಪ್ಪಟ್ಟಾ ಅದಕ್ಕೂ ಆಯಿತು, ಸೆಕೆಗೂ ಆಯಿತು. ಅಲ್ಲೇ ಏನಾದರೂ ಕೊಳ್ಳುವುದಾದರೆ ಅಮೆರಿಕದ 6ನೇ ಸೈಜಿನ ಡ್ರೆಸ್ಸು ಫ್ರಾನ್ಸಿನಲ್ಲಿ ಸುಮಾರು 38, ಇಟಲಿಯಲ್ಲಿ 42 ಆಗುತ್ತದೆ, ಚೀಟಿಯ ಬೆಲೆಯಲ್ಲಿ ತೆರಿಗೆಯೂ ಸೇರಿರುತ್ತದೆ. ಪ್ಯಾರಿಸ್ ಭೇಟಿಯನ್ನು ಜೂನ್ ಕೊನೆಗೆ ಇಟ್ಟುಕೊಳ್ಳಿ. ಸರ್ಕಾರವೇ ದಿನ ಗೊತ್ತುಮಾಡುವ ಬೇಸಿಗೆ ರಿಯಾಯಿತಿ ಮಾರಾಟ ಆಗಲೇ ಶುರುವಾಗಿ ನಾಲ್ಕು ವಾರ ನಡೆಯುತ್ತದೆ.