ಪಾದ್ರಿಗಳ ಕಿವಿಗೆ ಬಿದ್ದ ಜಪಾನ್

ಜಪಾನಿನ ಹೆಂಗಸರು ಗಂಡನಿಗೆ ಹೇಳದೆಯೇ ಬೇಕಾದಲ್ಲಿಗೆ ಹೋಗಿಬರುತ್ತಾರೆ. ನಮ್ಮ ಮಕ್ಕಳು ಮೊದಲು ಓದಲು ಕಲಿತು ಆಮೇಲೆ ಬರೆಯುತ್ತಾರೆ, ಅವರದ್ದು ಉಲ್ಟಾ. ನಾವು ಮಕ್ಕಳಿಗೆ ಬಾರಿಸುತ್ತೇವೆ, ಅವರು ಬಾಯಿಮಾತಲ್ಲೇ ಬುದ್ಧಿ ಹೇಳುತ್ತಾರೆ. ನಾವು ರತ್ನ, ಬಂಗಾರ ಜೋಪಾನ ಮಾಡಿದರೆ ಅವರಿಗೆ ಹಳೇ ಕೆಟಲು, ಒಡಕು ಬಟ್ಟಲೇ ಆಸ್ತಿ. ಕುದುರೆ ಹತ್ತುವಾಗಲೂ ನಮ್ಮದು ಎಡಗಾಲು, ಅವರದ್ದು ಬಲಗಾಲು.

1585ರಲ್ಲಿ ಹೀಗೆ ಯುರೋಪಿನ ‘ನಮಗೂ’ ಜಪಾನಿನ ‘ಅವರಿಗೂ’ ಇರುವ 600ಕ್ಕೂ ಜಾಸ್ತಿ ವ್ಯತ್ಯಾಸಗಳನ್ನು ಪಟ್ಟಿ ಮಾಡಿದವನು ಲೂಯಿಸ್ ಫ್ರೋಯಿಸ್ ಎಂಬ ಪೋರ್ಚುಗೀಸ್ ಪಾದ್ರಿ, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಂಗಡದವನು. ಲಿಸ್ಬನ್‌ನವನು. 1548ರಲ್ಲಿ, ಇನ್ನೂ ಹದಿನಾರರ ಹುಡುಗನಾಗಿದ್ದಾಗ, ಗೋವಾಕ್ಕೆ ಬಂದ. 1563ರಲ್ಲಿ ಜಪಾನ್ ತಲುಪಿ ಕೊನೆಗೆ ನಾಗಸಾಕಿಯಲ್ಲೇ ತೀರಿಕೊಂಡ. ಅವನ ಈ ಪಟ್ಟಿ ಎಷ್ಟೋ ಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, 1946ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಿಕ್ಕಿತು.

ಓದಲು ಮಜವಾಗಿದೆ, ನಿಜ. ಆದರೆ ಉಲ್ಟಾ ಹುಡುಕಲು ಹೊರಟವನಿಗೆ ಎಲ್ಲವೂ ಉಲ್ಟಾ ಕಾಣುತ್ತದೆ, ಅಲ್ವಾ? ಎರಡೂ ಕಡೆ ಒಂದೇ ಥರ ಇದ್ದದ್ದಕ್ಕೆ ಅವನ ಪಟ್ಟಿಯಲ್ಲಿ ಜಾಗವೇ ಇಲ್ಲ. ಅವನಿಗಿಂತ ಮೊದಲು ಜಪಾನಿಗೆ ಬಂದ ಜೆಸ್ಯೂಟ್ ಪಾದ್ರಿ ಫ್ರಾನ್ಸಿಸ್ ಝೇವಿಯರ್‌ನ ಮಾತನ್ನೂ ಹಾಗೇ ನಂಬುವಂತಿಲ್ಲ. 1549ರ ಆಗಸ್ಟ್‌ನಲ್ಲಿ ಕಾಗೋಶಿಮಾದಲ್ಲಿ ಇಳಿದ. ನವೆಂಬರ್‌ನಲ್ಲೇ ಗೋವಾಕ್ಕೆ ಕಾಗದ ಬರೆದು, ಈವರೆಗೆ ಕಂಡವರಲ್ಲಿ ಇವರೇ ಉತ್ತಮರು ಎಂದುಬಿಟ್ಟ. ಮೂರು ತಿಂಗಳೂ ಆಗಿರಲಿಲ್ಲ, ಭಾಷೆಯೂ ಬರುತ್ತಿರಲಿಲ್ಲ!

ನನಗೆ ಇವರ ಅಭಿಪ್ರಾಯಗಳಿಗಿಂತ ಇವರ ಕಾಗುಣಿತದ ಮೇಲೆ ನಂಬಿಕೆ ಜಾಸ್ತಿ. 1603ರಲ್ಲಿ ಜೆಸ್ಯೂಟರು ನಾಗಸಾಕಿಯಲ್ಲಿ ಜಪಾನೀ-ಪೋರ್ಚುಗೀಸ್ ನಿಘಂಟೊಂದನ್ನು ಅಚ್ಚು ಹಾಕಿದರು. ಸುಮಾರು 32,000 ಪದಗಳು. ಇಂದು ಜಪಾನೀಯರು ಹೂವಿಗೆ ‘ಹನ’ ಎನ್ನುತ್ತಾರೆ. ನಿಘಂಟಿನಲ್ಲಿ ಅದು ‘ಫನ’. ಅದು ತಪ್ಪಲ್ಲ. ಆಗ ಜನ ಹಾಗೇ ಅನ್ನುತ್ತಿದ್ದರು. ಬಿಸಿ ಕಾಫಿ ಊದುವಾಗ ಎರಡೂ ತುಟಿಗಳ ನಡುವೆ ಗಾಳಿ ಬಿಡುತ್ತೇವಲ್ಲ, ಸುಮಾರು ಆ ಸದ್ದು. ಅದಕ್ಕೂ ಹಿಂದೆ ಅದು ‘ಪ’ ಆಗಿತ್ತು ಎಂಬುದು ಭಾಷಾವಿಜ್ಞಾನಿಗಳ ಲೆಕ್ಕ. ಜಪಾನೀ ಲಿಪಿಯಲ್ಲಿ ಅಕ್ಷರ ಬದಲಾಗದೆ ಉಳಿದದ್ದರಿಂದ, ಅದನ್ನಷ್ಟೇ ನೋಡಿದರೆ ಉಚ್ಚಾರ ಜಾರಿದ್ದು ಗೊತ್ತಾಗುವುದಿಲ್ಲ. ಕಿವಿಗೆ ಬಿದ್ದದ್ದನ್ನು ತನ್ನ ಲಿಪಿಯಲ್ಲಿ ಬರೆದುಕೊಂಡ ಪರದೇಶದವನಿಂದ ಆ ಹಳೇ ಉಚ್ಚಾರದ ಗುರುತು ಉಳಿಯಿತು. ಕನ್ನಡದವರಿಗೆ ಈ ಕಥೆ ಹೊಸದೇನಲ್ಲ. ನಮ್ಮ ‘ಪೂ’ ಕೂಡ ‘ಹೂ’ ಆಗಿದೆ, ‘ಪಾಲ್’ ‘ಹಾಲು’ ಆಗಿದೆ. ಎರಡು ಭಾಷೆಗೂ ಸಂಬಂಧವಿಲ್ಲ. ಆದರೂ ಎರಡರಲ್ಲೂ ಹೂವೇ ಸಿಕ್ಕಿದ್ದು ನನಗೆ ಖುಷಿ.

ಇದೇ ಕಾಗುಣಿತ, ಫುಕುಶಿಮಾ ಅಣುಸ್ಥಾವರವನ್ನು ಕೆಡಿಸಿದ 2011ರ ಸುನಾಮಿಯ ನಂತರ ಮತ್ತೆ ಚರ್ಚೆಗೆ ಬಂತು. 1586ರ ಜನವರಿಯಲ್ಲಿ ನಡು ಜಪಾನಿನಲ್ಲಿ ದೊಡ್ಡ ಭೂಕಂಪವಾಗಿತ್ತು. ಬಿವಾ ಸರೋವರದ ದಡದ ನಾಗಾಹಾಮಾ ಊರು ಹಾಳಾದದ್ದನ್ನು ಫ್ರೋಯಿಸ್ ಬರೆಯುತ್ತಾನೆ. ಅವನ ಬರಹದಲ್ಲಿ ಅದು ‘ನಾಗಾಫಾಮಾ’. ವಾಕಾಸಾ ಸೀಮೆಯ ಕಡಲತೀರದಲ್ಲೂ ಅದೇ ಹೆಸರಿನ ಇನ್ನೊಂದು ಊರಿತ್ತು, ಬೆಟ್ಟದಂಥ ಅಲೆ ಬಂದು ಅದನ್ನು ಕೊಚ್ಚಿಕೊಂಡು ಹೋಯಿತು ಎಂದೂ ಸೇರಿಸುತ್ತಾನೆ. ಅವನು ಕಣ್ಣಾರೆ ಕಂಡದ್ದಲ್ಲ, ಯಾರೋ ಹೇಳಿದ್ದು.

ವಾಕಾಸಾ ಕೊಲ್ಲಿಯಲ್ಲಿ ಈಗ ಅಣುಸ್ಥಾವರಗಳು ಸಾಲಾಗಿ ನಿಂತಿವೆ. ಸ್ಥಾವರದ ಕಂಪನಿಗಳು ಅಲ್ಲಿನ ಸರೋವರಗಳ ಸುತ್ತ ಮಣ್ಣು ಕೊರೆದು ನೋಡಿದವು. ಸುನಾಮಿ ಬಂದರೆ ಕಡಲ ಮರಳು ಒಳನಾಡಿನ ಕೆಸರಿನ ಮೇಲೆ ಪದರವಾಗಿ ಕೂರುತ್ತದೆ. ದೊಡ್ಡ ಸುನಾಮಿಯ ಕುರುಹು ಸಿಗಲಿಲ್ಲ ಎಂದು ವರದಿ ಕೊಟ್ಟವು.

ಊರಿನ ಹೆಸರಿನ ಗೋಜಲು ಮಾತ್ರ ಹಾಗೇ ಇದೆ. ವಾಕಾಸಾದ ತೀರದಲ್ಲಿ ಇರುವುದು ತಾಕಾಹಾಮಾ. ಫ್ರೋಯಿಸ್ ಹೇಳಿದ್ದು ಅದನ್ನೇ ಇರಬಹುದು, ಎರಡು ಹೆಸರು ಕಲೆಸಿಹೋಗಿರಬಹುದು ಎಂಬ ಊಹೆಯಿದೆ. ತಾಕಾಹಾಮಾದಲ್ಲೂ ಒಂದು ಅಣುಸ್ಥಾವರವಿದೆ.