ಎಲ್ಲ ಧರ್ಮಗಳೂ ಒಂದೇ ಸತ್ಯವನ್ನು ಹೇಳುತ್ತವೆಯೇ?

ಪ್ರಶ್ನೆ: "ದೇವನೊಬ್ಬ ನಾಮ ಹಲವು ಎಂದು ಕೇಳುತ್ತಲೇ ಬೆಳೆದವಳು ನಾನು. ನನ್ನ ಆಪ್ತ ಗೆಳತಿ ಕ್ರೈಸ್ತಳು. ಎಲ್ಲ ಧರ್ಮಗಳೂ ಕೊನೆಗೆ ಸೇರುವುದು ಒಂದೇ ಕಡೆಗೆ ಎಂದು ನಾನಂದರೆ ಅವಳಿಗೆ ಬೇಸರವಾಗುತ್ತದೆ. ನನ್ನ ಮಾತಿನಲ್ಲಿ ತಪ್ಪೇನಿದೆ?"

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಎಲ್ಲ ಧರ್ಮಗಳೂ ಒಂದೇ ಸತ್ಯವನ್ನು ಹೇಳುತ್ತವೆ ಎಂಬುದನ್ನು ನಾನು ಒಪ್ಪುವುದಿಲ್ಲ. ಹಾಗೆ ಹೇಳುವವರ ಒಳ್ಳೆಯ ಮನಸ್ಸನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ.

ನೀವು ಉದಾಹರಿಸಿದ ಮಾತಿನಿಂದಲೇ ಶುರು ಮಾಡೋಣ. ಅದು ಬಸವಣ್ಣನವರ ವಚನದ ಮೊದಲ ತುಣುಕು. ಶಾಲೆಯ ಗೋಡೆ, ಸೌಹಾರ್ದ ಸಭೆಯ ಬ್ಯಾನರು, ಎಲ್ಲೆಡೆ ನಾವು ಬರೆಯುವುದು ಅಷ್ಟನ್ನೇ. ಅದರ ಬೆನ್ನಿಗೇ "ಪರಮ ಪತಿವ್ರತೆಗೆ ಗಂಡನೊಬ್ಬ" ಎಂದಿದೆ. ಮತ್ತೊಂದಕ್ಕೆ ಎರಗಿದರೆ ಕಿವಿ ಮೂಗು ಕೊಯ್ಯುವ ಮಾತು ಆಮೇಲೆ ಬರುತ್ತದೆ. ಹಲವು ದೈವಗಳ ಎಂಜಲು ತಿನ್ನುವವರನ್ನು ಏನೆನ್ನಲಿ ಎಂದು ಕೂಡಲಸಂಗಮದೇವನನ್ನು ಕೇಳುವಲ್ಲಿಗೆ ವಚನ ಮುಗಿಯುತ್ತದೆ. ಬಸವಣ್ಣನವರು ಇಲ್ಲಿ ಬೇಡುತ್ತಿರುವುದು ಒಬ್ಬನೇ ದೇವರಲ್ಲಿ ಅಚಲ ನಿಷ್ಠೆ. ಯಾವ ದೈವಕ್ಕೆ ಎರಗಿದರೂ ಸರಿ ಎಂಬ ಸಮಾಧಾನವನ್ನು ಈ ವಚನದಿಂದ ಎತ್ತಲು ಬರುವುದಿಲ್ಲ.

ಇನ್ನೊಂದು ಸಾಕ್ಷಿಯನ್ನು ನಾವೆಲ್ಲ ಹೆಮ್ಮೆಯಿಂದ ಉಲ್ಲೇಖಿಸುತ್ತೇವೆ, ಬೇಲೂರಿನದು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಶಾಸನದಲ್ಲಿ "ಯಂ ಶೈವಾಃ ಸಮುಪಾಸತೇ ಶಿವ ಇತಿ" ಎಂದು ಆರಂಭವಾಗುವ ಶ್ಲೋಕವಿದೆ. ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ನೈಯಾಯಿಕರು (ತರ್ಕಶಾಸ್ತ್ರದವರು) ಕರ್ತನೆಂದು, ಜೈನರು ಅರ್ಹಂತನೆಂದು, ಮೀಮಾಂಸಕರು (ವೇದೋಕ್ತ ಕರ್ಮವೇ ಮುಖ್ಯವೆನ್ನುವವರು) ಕರ್ಮವೆಂದು ಯಾರನ್ನು ಉಪಾಸಿಸುತ್ತಾರೋ ಆ ಕೇಶವನು ನಿಮ್ಮ ಇಷ್ಟಾರ್ಥವನ್ನು ಸಲ್ಲಿಸಲಿ ಎಂಬುದು ಅದರ ತಾತ್ಪರ್ಯ. ಎದುರಾಳಿ ಮತಗಳ ಹೆಸರನ್ನು ಪೂಜ್ಯಭಾವದಿಂದ ಕಲ್ಲಿನಲ್ಲಿ ಕೆತ್ತಿಸುವುದು ಸಣ್ಣ ಮಾತಲ್ಲ. ನನಗೆ ತುಂಬ ಇಷ್ಟವಾದ ಶ್ಲೋಕಗಳಲ್ಲಿ ಇದೂ ಒಂದು.

ಆದರೆ ಇದನ್ನು ಒಬ್ಬ ಜೈನ ಶ್ರಾವಕನ ಮುಂದೆ ಓದಿ. ಅವನ ಅರ್ಹಂತನು ರಾಗದ್ವೇಷಗಳನ್ನು ಸ್ವಪ್ರಯತ್ನದಿಂದ ಗೆದ್ದವನು. ಲೋಕವನ್ನು ಸೃಷ್ಟಿಸಿದವನೂ ಅಲ್ಲ, ಬೇಡಿದವರಿಗೆ ವರ ಕೊಡುವವನೂ ಅಲ್ಲ. ಮೀಮಾಂಸಕನಿಗೆ ವಿಧಿಪೂರ್ವಕವಾಗಿ ಮಾಡಿದ ಕರ್ಮವೇ ಫಲ ಕೊಡುತ್ತದೆ, ಕೊಡಿಸಲು ಈಶ್ವರ ಬೇಕಿಲ್ಲ. ಸೃಷ್ಟಿಕರ್ತನನ್ನು ಒಪ್ಪದ ಬೌದ್ಧನ ಪಾಡೂ ಇದೇ. ಇವರೆಲ್ಲರಿಗೂ ಶ್ಲೋಕ ಹೇಳುತ್ತಿರುವುದು ಒಂದೇ: ನೀವು ಪೂಜಿಸುತ್ತಿರುವುದು ನಮ್ಮ ಕೇಶವನನ್ನೇ, ನಿಮಗೆ ಗೊತ್ತಿಲ್ಲ ಅಷ್ಟೇ.

ಈ ಧಾಟಿ ಬೇಲೂರಿನದು ಮಾತ್ರವಲ್ಲ. ಅನ್ಯದೇವತೆಗಳ ಭಕ್ತರೂ ನನ್ನನ್ನೇ ಪೂಜಿಸುತ್ತಾರೆ, ಆದರೆ ಅವಿಧಿಪೂರ್ವಕವಾಗಿ ಎನ್ನುತ್ತಾನೆ ಗೀತೆಯ ಒಂಬತ್ತನೆಯ ಅಧ್ಯಾಯದ ಕೃಷ್ಣ. ನದಿಗಳೆಲ್ಲ ಕಡಲು ಸೇರುವಂತೆ ಎಲ್ಲ ಮಾರ್ಗಗಳೂ ನಿನ್ನನ್ನೇ ಸೇರುತ್ತವೆ ಎಂಬ ಶಿವಮಹಿಮ್ನ ಸ್ತೋತ್ರದ ಶ್ಲೋಕವನ್ನು ವಿವೇಕಾನಂದರು 1893ರಲ್ಲಿ ಶಿಕಾಗೋದ ಸಭೆಯಲ್ಲಿ ಹೇಳಿ ಲೋಕಪ್ರಸಿದ್ಧಗೊಳಿಸಿದರು. ಸ್ತೋತ್ರದಲ್ಲಿ ಆ ಕಡಲು ಶಿವ. ಕಳೆದ ಶತಮಾನದ ಕ್ಯಾಥೊಲಿಕ್ ಚಿಂತಕ ಕಾರ್ಲ್ ರಾನರ್, ಕ್ರಿಸ್ತನನ್ನು ಅರಿಯದೆಯೂ ಒಳ್ಳೆಯ ಬಾಳು ಬಾಳಿದವರನ್ನು "ಅನಾಮಿಕ ಕ್ರೈಸ್ತರು" ಎಂದು ಕರೆದರು. ಅವರಿಗೆ ದೊರೆಯುವ ಮುಕ್ತಿಯೂ ಕ್ರಿಸ್ತನಿಂದಲೇ ಎಂಬುದು ರಾನರ್ ವಾದ. ನರಕದ ಬೆದರಿಕೆಗಿಂತ ಇದು ಎಷ್ಟೋ ವಾಸಿ. ಆದರೂ ದಿನವೂ ತುಳಸಿಗೆ ನೀರೆರೆಯುವ ನಿಮ್ಮ ಅಜ್ಜಿಗೆ ಯಾರಾದರೂ "ಅಜ್ಜೀ, ನೀವು ನಿಜವಾಗಿ ಕ್ರೈಸ್ತರೇ" ಎಂದರೆ ನಿಮಗೆ ಏನನ್ನಿಸುತ್ತದೆ? ನಿಮ್ಮ ಗೆಳತಿಗೂ ಅದೇ ಅನ್ನಿಸುತ್ತಿರಬೇಕು. ಕ್ರಿಸ್ತನು ಸತ್ತವರೊಳಗಿಂದ ಎದ್ದು ಬರದಿದ್ದರೆ ನಿಮ್ಮ ನಂಬಿಕೆಯೇ ವ್ಯರ್ಥ ಎಂದು ಸಂತ ಪೌಲ ಕೊರಿಂಥದವರಿಗೆ ಬರೆದಿದ್ದಾನೆ. ಅವಳ ಪಾಲಿಗೆ ಅದು ನಡೆದ ಘಟನೆ, ಹಲವು ನಾಮಗಳಲ್ಲಿ ಒಂದಲ್ಲ.

ಘಟನೆಯ ಮಾತು ಬಂದಾಗ ಭೇದ ಇನ್ನೂ ನಿಚ್ಚಳವಾಗುತ್ತದೆ. ಯೇಸು ಶಿಲುಬೆಯ ಮೇಲೆ ಸತ್ತನೆಂದು ಬೈಬಲ್ ಹೇಳುತ್ತದೆ. ಅವರು ಅವನನ್ನು ಕೊಲ್ಲಲಿಲ್ಲ, ಶಿಲುಬೆಗೆ ಏರಿಸಲೂ ಇಲ್ಲ ಎಂದು ಕುರಾನಿನ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಎರಡನ್ನೂ ಒಟ್ಟಿಗೆ ನಿಜವೆನ್ನುವುದು ಹೇಗೆ? ಸತ್ತ ಮೇಲೆ ಮತ್ತೆ ಹುಟ್ಟುತ್ತೇವೆಯೋ, ಇರುವುದು ಇದೊಂದೇ ಜನ್ಮವೋ ಎಂಬಲ್ಲಿಯೂ ಹೀಗೆಯೇ. ಅಷ್ಟು ದೂರ ಏಕೆ, ಜೀವ ಬ್ರಹ್ಮವೇ ಎಂದರು ಶಂಕರರು. ಮುಕ್ತಿಯಲ್ಲೂ ಜೀವ ದೇವರಾಗುವುದಿಲ್ಲ ಎಂದರು ಉಡುಪಿಯ ಮಧ್ವರು. ಇಬ್ಬರೂ ಭಾಷ್ಯ ಬರೆದದ್ದು ಅದೇ ಬ್ರಹ್ಮಸೂತ್ರಗಳಿಗೆ. ಅವರ ಅನುಯಾಯಿಗಳು ಶತಮಾನಗಳ ಕಾಲ ಇದಕ್ಕಾಗಿ ವಾದ ಮಾಡಿದರು. "ಎಲ್ಲ ಒಂದೇ" ಎಂದುಬಿಟ್ಟರೆ ಅಷ್ಟು ಜನರ ಜೀವಮಾನದ ಚಿಂತನೆಯನ್ನು ಬದಿಗೆ ಸರಿಸಿದಂತಾಗುತ್ತದೆ.

ಸುಳ್ಳು ಹೇಳಬೇಡ, ಕದಿಯಬೇಡ, ಹಸಿದವರಿಗೆ ಅನ್ನವಿಡು ಎಂಬಲ್ಲಿ ಧರ್ಮಗಳು ಬಹಳ ಮಟ್ಟಿಗೆ ಒಂದಾಗುತ್ತವೆ, ಅದರಲ್ಲಿ ಅನುಮಾನವಿಲ್ಲ. ಐಕ್ಯವನ್ನು ಹೇಳುವವರ ಗಟ್ಟಿ ವಾದ ಬೇರೆಯೇ ಇದೆ: ಶಾಸ್ತ್ರಗಳು ಜಗಳವಾಡಲಿ, ಅನುಭಾವಿಗಳು ಕಂಡದ್ದು ಒಂದನ್ನೇ ಎಂಬುದು. ರಾಮಕೃಷ್ಣ ಪರಮಹಂಸರು ಇದನ್ನು ಬಾಯಿಮಾತಿಗೆ ಹೇಳಿದವರಲ್ಲ. 1866ರ ಸುಮಾರಿಗೆ ಇಸ್ಲಾಮಿನ ದೀಕ್ಷೆ ಪಡೆದು ಸಾಧನೆ ಮಾಡಿದರು. ಆ ದಿನಗಳಲ್ಲಿ ಹಿಂದೂ ದೇವರ ಮೂರ್ತಿಗಳನ್ನು ನೋಡಲೂ ಮನಸ್ಸಾಗುತ್ತಿರಲಿಲ್ಲ ಎಂದಿದ್ದಾರೆ. ಮುಂದೆ ಕ್ರಿಸ್ತನ ಧ್ಯಾನವನ್ನೂ ಮಾಡಿದರು. ನಮ್ಮ ಶಿಶುನಾಳ ಶರೀಫರು ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು ತತ್ತ್ವಪದ ಹಾಡಿದರು. ಇಂಥವರ ಅನುಭವಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅದು ಸಾಧನೆ ಮಾಡಿ ಕಂಡವರ ಮಾತು. ಯಾವ ಸಾಧನೆಯನ್ನೂ ಮಾಡದ ನಾವು ಇನ್ನೊಬ್ಬರ ಧರ್ಮವನ್ನು ತಿಳಿಯುವ ಮೊದಲೇ ಅದನ್ನು ತೀರ್ಪಾಗಿ ಬಳಸುವುದು ಸರಿಯೆನಿಸುವುದಿಲ್ಲ.

"ಹಾಗಾದರೆ ಭೇದವನ್ನು ಒಪ್ಪಿಕೊಂಡು ಒಟ್ಟಿಗೆ ಬಾಳುವುದು ಹೇಗೆ?" ಎಂದು ನೀವು ಕೇಳಬಹುದು. ಶ್ರವಣಬೆಳಗೊಳದ 1368ರ ಶಾಸನ ನೋಡಿ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಎದ್ದು, ಜೈನರು ವಿಜಯನಗರದ ಅರಸ ಬುಕ್ಕರಾಯನಿಗೆ ದೂರು ಕೊಟ್ಟರು. ಬುಕ್ಕ ವೈಷ್ಣವರ ಕೈಯಲ್ಲಿ ಜೈನರ ಕೈ ಹಿಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಅಲ್ಲಿಗೇ ನಿಂತಿದ್ದರೆ ಅದೂ ಒಂದು ಸವಿಮಾತಾಗಿ ಉಳಿಯುತ್ತಿತ್ತು. ಆದರೆ ಪಂಚಮಹಾವಾದ್ಯ ಮತ್ತು ಕಳಶದ ಗೌರವ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು ಎಂದು ಅವನು ವಿಧಿಸಿದ. ವೈಷ್ಣವರಿಂದ ಜೈನರಿಗೆ ಹಾನಿಯಾದರೆ ಅದು ತಮಗೇ ಆದ ಹಾನಿ ಎಂದು ವೈಷ್ಣವರು ಭಾವಿಸಬೇಕಿತ್ತು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ (ಆ ಕಾಲದ ಒಂದು ನಾಣ್ಯ) ಎತ್ತಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸುವುದು, ಮಿಕ್ಕ ಹಣದಲ್ಲಿ ಶಿಥಿಲ ಜಿನಾಲಯಗಳಿಗೆ ಸುಣ್ಣ ಬಳಿಸುವುದು ಎಂದೂ ತೀರ್ಮಾನವಾಯಿತು. ಆ ಹಣ ಎತ್ತುವ ಹೊಣೆ ಬಿದ್ದದ್ದು ವೈಷ್ಣವನಾದ ತಿರುಮಲೆಯ ತಾತಯ್ಯನ ಮೇಲೆ. ಜೈನರು ತಮ್ಮ ಸಿದ್ಧಾಂತ ಬಿಡಲಿಲ್ಲ, ವೈಷ್ಣವರೂ ಬಿಡಲಿಲ್ಲ.

ಇದಕ್ಕೂ ಹಳೆಯ ಮಾತು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಅಶೋಕನ ಹನ್ನೆರಡನೆಯ ಶಿಲಾಶಾಸನದಲ್ಲಿದೆ. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಿ ಪರರದನ್ನು ಹಳಿಯುವವನು ತನ್ನ ಪಂಥಕ್ಕೇ ಕೆಡುಕು ಮಾಡುತ್ತಾನೆ, ನಾಲಿಗೆಯ ಮೇಲೆ ಹಿಡಿತವಿರಲಿ, ಒಬ್ಬರ ಧರ್ಮವನ್ನು ಮತ್ತೊಬ್ಬರು ಕೇಳಿ ತಿಳಿಯಲಿ ಎನ್ನುತ್ತದೆ ಅದು. ಪಂಥಗಳೆಲ್ಲ ಒಂದೇ ಎಂದು ಅಲ್ಲಿ ಹೇಳಿಲ್ಲ. ಅಶೋಕ ಸ್ವತಃ ಬೌದ್ಧ ಉಪಾಸಕ. ಎಲ್ಲವೂ ನಿಯತಿಯಂತೆ ನಡೆಯುತ್ತದೆ, ಮನುಷ್ಯಪ್ರಯತ್ನಕ್ಕೆ ಫಲವಿಲ್ಲ ಎಂಬ ಆಜೀವಕರೆಂಬ ಸನ್ಯಾಸಿ ಪಂಥದವರ ವಾದವನ್ನು ಬೌದ್ಧರು ಕಟುವಾಗಿ ಖಂಡಿಸುತ್ತಿದ್ದರು. ಬಿಹಾರದ ಬರಾಬರ್ ಬೆಟ್ಟದಲ್ಲಿ ಕನ್ನಡಿಯಂತೆ ಹೊಳಪು ಕೊಟ್ಟ ಗುಹೆಗಳನ್ನು ಅವನು ದಾನವಿತ್ತದ್ದು ಅದೇ ಆಜೀವಕರಿಗೆ.